ಮಳೆಗಾಲಕ್ಕೂ ಚಳಿಗಾಲಕ್ಕೂ ಒಂದು ಮನೆಗೆ ಬೇಕಾಗುವ ಸೌದೆ: ಅಂದಾಜು ಮಾಡುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳನ್ನು ಪಟ್ಟಿ ಮಾಡಲಾಗಿದೆ. ಅವುಗಳಲ್ಲಿ 12ನೆಯದು ‘ಇಂಧನ ಮತ್ತು ಮೇವು’. ಕುಡಿಯುವ ನೀರು, ರಸ್ತೆ, ಬೀದಿ ದೀಪಗಳ ಬಗ್ಗೆ ಪ್ರತಿಯೊಂದು ಸಭೆಯಲ್ಲೂ ಚರ್ಚೆ ನಡೆಯುತ್ತದೆ; ಇಂಧನದ ಬಗ್ಗೆ ಚರ್ಚೆ ನಡೆಯುವುದು ಅಪರೂಪ. ಮನೆಮನೆಗೆ ಅಡುಗೆ ಅನಿಲ ಬಂದಿರುವುದರಿಂದ ಸೌದೆಯ ಪ್ರಶ್ನೆ ಮುಗಿಯಿತೆಂಬ ಭಾವನೆ ಇದಕ್ಕೆ ಒಂದು ಕಾರಣ. ಮಲೆನಾಡಿನ ತಾಲ್ಲೂಕುಗಳಲ್ಲಿ ಈ ಭಾವನೆ ವಸ್ತುಸ್ಥಿತಿಗೆ ಹೊಂದುವುದಿಲ್ಲ. ಅಲ್ಲಿ ಈಗಲೂ ಬೇಸಿಗೆಯ ಕೊನೆಯ ವಾರಗಳಲ್ಲಿ ಹೆಣ್ಣುಮಕ್ಕಳ ತಲೆಯ ಮೇಲೆ ಸೌದೆಯ ಹೊರೆ ಕಾಣುತ್ತದೆ.

ಒಂದು ಮನೆಗೆ ಮಳೆಗಾಲ ಮತ್ತು ಚಳಿಗಾಲಕ್ಕೆ ಎಷ್ಟು ಸೌದೆ ಬೇಕು ಎಂಬುದನ್ನು ತೂಕದ ಮೂಲಕ ಅಂದಾಜು ಮಾಡುವ ಸರಳ ಕ್ರಮವನ್ನು ಈ ಪಾಠ ವಿವರಿಸುತ್ತದೆ. ಕೂಡಿಸುವುದು, ಗುಣಿಸುವುದು, ಭಾಗಿಸುವುದು ಬಲ್ಲ ಯಾರೂ ಈ ಲೆಕ್ಕವನ್ನು ಮಾಡಬಹುದು.

1. ಕೊಟ್ಟಿಗೆ ತುಂಬಿದ್ದರೂ ಸಾಲದೇಕೆ

ಪಾಠದ ಅನುಕೂಲಕ್ಕಾಗಿ ಮಲೆನಾಡಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಇಂತಹ ಮನೆ ಪ್ರತಿ ವಾರ್ಡಿನಲ್ಲೂ ಸಿಗುತ್ತದೆ. ಮನೆಯಲ್ಲಿ ಐದು ಜನ: ಅಜ್ಜಿ, ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಎರಡು ಹಸುಗಳಿವೆ. ಅನಿಲದ ಒಲೆ ಇದೆ. ಕಾಫಿ, ತಿಂಡಿ ಅದರಲ್ಲಿ ಆಗುತ್ತದೆ. ಅನ್ನ, ಸಾರು ಬೇಯುವುದು ಸೌದೆ ಒಲೆಯಲ್ಲಿ. ಸ್ನಾನದ ನೀರು ಕಾಯುವುದು ಬಚ್ಚಲ ಒಲೆಯ ಹಂಡೆಯಲ್ಲಿ.

ಏಪ್ರಿಲ್ ತಿಂಗಳಿನಲ್ಲಿ ವಾರ್ಡಿನ ಸದಸ್ಯೆಯೊಬ್ಬರು ಆ ಮನೆಗೆ ಹೋಗಿ, “ಅಜ್ಜಿ, ಈ ವರ್ಷ ಎಷ್ಟು ಸೌದೆ ಬೇಕಾಗಬಹುದು?” ಎಂದು ಕೇಳುತ್ತಾರೆ. ಅಜ್ಜಿಯ ಉತ್ತರ ಹೀಗಿರುತ್ತದೆ: “ಕೊಟ್ಟಿಗೆ ತುಂಬಿದರೆ ಆಯ್ತಲ್ಲ ಮಗಾ. ಹೋದ ವರ್ಷವೂ ತುಂಬಿಸಿದ್ವಿ. ಆದರೆ ನವರಾತ್ರಿ ಹೊತ್ತಿಗೆ ನೆಲ ಕಾಣ್ತು. ಈ ಸಲ ಮಗಳು ಬಾಣಂತನಕ್ಕೆ ಬೇರೆ ಬರ್ತಾಳೆ.”

ಈ ಉತ್ತರದಲ್ಲಿ ಮೂರು ಮುಖ್ಯ ಸಂಗತಿಗಳಿವೆ. ಸಂಗ್ರಹದ ಅಳತೆ ಕೊಟ್ಟಿಗೆಯೇ ಹೊರತು ಮನೆಯ ಅಗತ್ಯವಲ್ಲ. ಚಳಿ ಆರಂಭವಾಗುವ ಮೊದಲೇ ಸಂಗ್ರಹ ಮುಗಿಯುತ್ತದೆ. ಮುಂದಿನ ವರ್ಷದ ಅಗತ್ಯ ಹಿಂದಿನ ವರ್ಷಕ್ಕಿಂತ ಹೆಚ್ಚಾಗಲಿದೆ. ಸಂಗ್ರಹ ಮುಗಿದ ಮೇಲೆ ಆ ಮನೆಯ ಸೊಸೆ ಮಳೆಯಲ್ಲಿ ನೆನೆದ ಕಟ್ಟಿಗೆಯನ್ನು ಹೊತ್ತು ತಂದು, ಊದಿ ಊದಿ ಉರಿಸಬೇಕಾಗುತ್ತದೆ. ಅದರ ಹೊಗೆ ಅವಳ ಕಣ್ಣಿಗೂ, ಒಲೆಯ ಬಳಿ ಕುಳಿತು ಓದುವ ಮಕ್ಕಳ ಎದೆಗೂ ತಾಗುತ್ತದೆ. ಬಾಣಂತಿ ಮತ್ತು ಹಸುಗೂಸು ಇರುವ ಮನೆಯಲ್ಲಿ ಈ ಹೊಗೆ ಇನ್ನಷ್ಟು ಅಪಾಯಕಾರಿ.

2. ಎಷ್ಟು ದಿನಗಳಿಗೆ ಸಂಗ್ರಹ ಬೇಕು

ಚಳಿಗಾಲದ ಸೌದೆಯನ್ನು ಚಳಿಗಾಲ ಬಂದಾಗ ಒಟ್ಟುಮಾಡಬಹುದು ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನಲ್ಲಿ ತೊಯ್ದ ಮರವನ್ನು ಅಕ್ಟೋಬರ್‌ನಲ್ಲಿ ತಂದರೆ ಅದು ಒಣಗಲು ತಿಂಗಳುಗಳೇ ಬೇಕು. ನವೆಂಬರ್‌ನ ಬೆಳಗಿನ ಮಂಜಿನಲ್ಲಿ ಅದು ಉರಿಯಲು ಸಿದ್ಧವಾಗಿರುವುದಿಲ್ಲ. ಆದ್ದರಿಂದ ಮಲೆನಾಡಿನಲ್ಲಿ ಚಳಿಗಾಲದ ಸೌದೆಯೂ ಮೇ ತಿಂಗಳೊಳಗೆ ಒಣಗಿ ಸೂರಿನಡಿ ಸೇರಬೇಕು. ಮುಂದಿನ ಬೇಸಿಗೆಯ ಸೌದೆ ಕೈಗೆ ಬರುವವರೆಗೆ, ಅಂದರೆ ಫೆಬ್ರವರಿ ಅಂತ್ಯದವರೆಗೆ ಅದೇ ಸಂಗ್ರಹ ನಡೆಯಬೇಕು.

ದಿನಗಳ ಲೆಕ್ಕ ಹೀಗಿದೆ:
• ಜೂನ್‌ನಿಂದ ಸೆಪ್ಟೆಂಬರ್: 122 ದಿನ
• ಅಕ್ಟೋಬರ್: 31 ದಿನ
• ನವೆಂಬರ್‌ನಿಂದ ಫೆಬ್ರವರಿ: 120 ದಿನ
• ಒಟ್ಟು: 273 ದಿನ

ನಾಲ್ಕು ತಿಂಗಳ ಮಳೆಗಾಲಕ್ಕೆಂದು ಕೂಡಿಟ್ಟ ಸೌದೆ ನವರಾತ್ರಿಯ ಹೊತ್ತಿಗೆ ಮುಗಿಯುವುದು ಆಶ್ಚರ್ಯವಲ್ಲ. ಲೆಕ್ಕದ ಮೊದಲ ತಪ್ಪು ಇರುವುದು ದಿನಗಳ ಎಣಿಕೆಯಲ್ಲಿ.

3. ದಿನದ ಬಳಕೆಯನ್ನು ತೂಗುವ ಕ್ರಮ

“ದಿನಕ್ಕೆ ಎಷ್ಟು ಸೌದೆ ಬೇಕು?” ಎಂದು ಕೇಳಿದರೆ “ಒಂದು ಹೊರೆ ಎರಡು ದಿನ ಬರುತ್ತದೆ” ಎಂಬ ಉತ್ತರ ಬರುತ್ತದೆ. ಹೊರೆ ಮನೆಯಿಂದ ಮನೆಗೆ, ಹೊರುವವರಿಂದ ಹೊರುವವರಿಗೆ ಬದಲಾಗುತ್ತದೆ. ಆದ್ದರಿಂದ ತೂಗುವುದೇ ಸರಿಯಾದ ಮಾರ್ಗ. ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿಯೊಂದು ಸಾಕು.

(ಅ) ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಆ ದಿನಕ್ಕೆ ಬೇಕಾಗುವುದಕ್ಕಿಂತ ಹೆಚ್ಚು ಸೌದೆಯನ್ನು, ಉದಾಹರಣೆಗೆ 15 ಕಿಲೋ, ತೂಗಿ ಪ್ರತ್ಯೇಕವಾಗಿ ಇಡಬೇಕು.
(ಆ) ಅಡುಗೆ ಒಲೆಗೆ ಒಂದು ರಾಶಿ, ಬಚ್ಚಲ ಒಲೆಗೆ ಇನ್ನೊಂದು ರಾಶಿ ಇಡಬೇಕು. ಇದು ಈ ಕ್ರಮದ ಅತಿ ಮುಖ್ಯ ಹಂತ.
(ಇ) ಆ ದಿನ ಈ ರಾಶಿಗಳಿಂದ ಮಾತ್ರ ಉರಿಸುವಂತೆ ಮನೆಯವರಿಗೆ ತಿಳಿಸಬೇಕು. ಅಡಿಕೆ ಹಾಳೆ, ಸೋಗೆ, ತೆಂಗಿನ ಮಟ್ಟೆ, ಕರಟ ಬಳಸಿದರೆ ಅವುಗಳನ್ನೂ ತೂಗಬೇಕು.
(ಈ) ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ತೂಗಬೇಕು. ವ್ಯತ್ಯಾಸವೇ ಒಂದು ದಿನದ ಬಳಕೆ.
(ಉ) ಒಂದು ದಿನದ ತೂಕವನ್ನು ನೆಚ್ಚಬಾರದು. ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ ತೂಗಿ ಸರಾಸರಿ ತೆಗೆಯಬೇಕು. ಶಾಲೆಯ ರಜಾದಿನವೊಂದು ಅದರಲ್ಲಿ ಸೇರಿರಬೇಕು.

ಮಾದರಿ ಮನೆಯಲ್ಲಿ ಏಪ್ರಿಲ್‌ನಲ್ಲಿ ಹೀಗೆ ತೂಗಿದಾಗ ಅಡುಗೆಗೆ 4 ಕಿಲೋ, ಸ್ನಾನದ ನೀರಿಗೆ 4 ಕಿಲೋ, ಹಸುಗಳ ಅಕ್ಕಚ್ಚು ಬೆಚ್ಚಗೆ ಮಾಡಲು 1 ಕಿಲೋ, ಒಟ್ಟು ದಿನಕ್ಕೆ 9 ಕಿಲೋ ಒಣ ಸೌದೆ ಬಂದಿತೆಂದು ಇಟ್ಟುಕೊಳ್ಳೋಣ. ಇದನ್ನು ನೇರವಾಗಿ 273ರಿಂದ ಗುಣಿಸಿದರೆ 2,457 ಕಿಲೋ ಆಗುತ್ತದೆ. ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ತೂಗಿದ್ದು ಬೇಸಿಗೆಯಲ್ಲಿ, ಉರಿಸುವುದು ಮಳೆಯಲ್ಲಿ ಮತ್ತು ಚಳಿಯಲ್ಲಿ.

4. ಬಚ್ಚಲ ಒಲೆಯ ಲೆಕ್ಕ

ಅಡುಗೆಗೆ ಬೇಕಾಗುವ ಸೌದೆ ಋತುವಿನೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಸ್ನಾನದ ನೀರಿನ ಸೌದೆ ಬದಲಾಗುತ್ತದೆ, ಏಕೆಂದರೆ ಬಾವಿಯಿಂದ ಅಥವಾ ಟ್ಯಾಂಕಿನಿಂದ ಬರುವ ನೀರೇ ತಣ್ಣಗಾಗುತ್ತದೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಈ ಒಂದು ನಿಯಮ ತಿಳಿದಿದ್ದರೆ ಉಳಿದುದೆಲ್ಲ ಗುಣಾಕಾರ.

ಐದು ಜನರಿಗೆ ತಲಾ 20 ಲೀಟರ್‌ನಂತೆ 100 ಲೀಟರ್ ನೀರು, 40 ಡಿಗ್ರಿಯವರೆಗೆ ಬೆಚ್ಚಗಾಗಬೇಕೆಂದು ಇಟ್ಟುಕೊಳ್ಳೋಣ. ತಣ್ಣೀರಿನ ಉಷ್ಣತೆ ಬೇಸಿಗೆಯಲ್ಲಿ 26, ಮಳೆಗಾಲದಲ್ಲಿ 22, ಚಳಿಗಾಲದ ಬೆಳಿಗ್ಗೆ 18 ಡಿಗ್ರಿ ಎಂದು ಭಾವಿಸೋಣ. ಆಗ ಬೇಕಾಗುವ ಶಾಖ:
• ಬೇಸಿಗೆ: 100 × 14 = 1,400 ಕಿಲೋಕ್ಯಾಲರಿ
• ಮಳೆಗಾಲ: 100 × 18 = 1,800 ಕಿಲೋಕ್ಯಾಲರಿ
• ಚಳಿಗಾಲ: 100 × 22 = 2,200 ಕಿಲೋಕ್ಯಾಲರಿ

ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಉರಿದಾಗ ಸುಮಾರು 3,500 ಕಿಲೋಕ್ಯಾಲರಿ ಶಾಖ ಬಿಡುಗಡೆಯಾಗುತ್ತದೆ. ಆದರೆ ತೆರೆದ ಒಲೆಯಲ್ಲಿ ಅದರ ಬಹುಭಾಗ ಹೊಗೆಯೊಂದಿಗೂ ಒಲೆಯ ಬಾಯಿಯಿಂದಲೂ ಹೊರಹೋಗುತ್ತದೆ. ಒಲೆಯ ಗೋಡೆಯೂ ಒಂದಷ್ಟನ್ನು ಹೀರಿಕೊಳ್ಳುತ್ತದೆ. ಹಳೆಯ ಒಲೆಯಲ್ಲಿ ನೂರರಲ್ಲಿ ಹತ್ತು ಭಾಗ ಮಾತ್ರ ನೀರಿಗೆ ತಲುಪುತ್ತದೆಂದು ಹಿಡಿದರೆ ಒಂದು ಕಿಲೋ ಸೌದೆಯಿಂದ ದೊರೆಯುವುದು 350 ಕಿಲೋಕ್ಯಾಲರಿ. 1,400ನ್ನು 350ರಿಂದ ಭಾಗಿಸಿದರೆ 4 ಕಿಲೋ. ತಕ್ಕಡಿ ತೋರಿಸಿದ ಅಂಕಿಯೂ ಅದೇ. ಆದ್ದರಿಂದ ಹತ್ತು ಭಾಗದ ಅಂದಾಜು ಈ ಮನೆಗೆ ಹೊಂದುತ್ತದೆ. ಅದೇ ರೀತಿ ಮಳೆಗಾಲಕ್ಕೆ ಸುಮಾರು 5 ಕಿಲೋ, ಚಳಿಗಾಲಕ್ಕೆ 6 ಕಿಲೋಗಿಂತ ಹೆಚ್ಚು, ಸುರಕ್ಷಿತವಾಗಿ 6.5 ಕಿಲೋ ಎಂದು ಹಿಡಿಯಬಹುದು.

5. ಒಟ್ಟು ಅಗತ್ಯ

ಈಗ ಮನೆಯ ಲೆಕ್ಕವನ್ನು ಜೋಡಿಸಬಹುದು.
• ಮಳೆಗಾಲ: ಅಡುಗೆ 4 + ಸ್ನಾನ 5 + ಜಾನುವಾರು 1 = ದಿನಕ್ಕೆ 10 ಕಿಲೋ; 122 ದಿನಕ್ಕೆ 1,220 ಕಿಲೋ
• ಅಕ್ಟೋಬರ್: ಅದೇ ದರದಲ್ಲಿ 31 ದಿನಕ್ಕೆ 310 ಕಿಲೋ
• ಚಳಿಗಾಲ: 4 + 6.5 + 1 = ದಿನಕ್ಕೆ 11.5 ಕಿಲೋ, 120 ದಿನಕ್ಕೆ 1,380 ಕಿಲೋ
• ಒಟ್ಟು: 2,910 ಕಿಲೋ

ಬೇಸಿಗೆಯ ತೂಕವನ್ನೇ ನಂಬಿದ್ದರೆ 453 ಕಿಲೋ ಕೊರತೆ ಬೀಳುತ್ತಿತ್ತು. ಚಳಿಗಾಲದ ದರದಲ್ಲಿ ಅದು ಸುಮಾರು 39 ದಿನಗಳ ಸೌದೆ.

ಹಬ್ಬ, ನೆಂಟರು, ಕಾಯಿಲೆಯ ದಿನಗಳಿಗಾಗಿ ನೂರಕ್ಕೆ ಹತ್ತರಂತೆ ಸೇರಿಸಿದರೆ ಸುಮಾರು 3,200 ಕಿಲೋ ಆಗುತ್ತದೆ. ನೀರು ತುಂಬುವ ಹಬ್ಬದಂದು ಹಂಡೆಗೆ ಕೆಮ್ಮಣ್ಣು ಬಳಿದು, ಮರುದಿನ ನಸುಕಿನಲ್ಲಿ ಮನೆಮಂದಿಗೆಲ್ಲ ಎಣ್ಣೆಸ್ನಾನ ಮಾಡಿಸುವ ಪದ್ಧತಿಯಿರುವ ಕಡೆ ಈ ಹೆಚ್ಚುವರಿ ಅನಾವಶ್ಯಕವೆನಿಸದು.

ಇದರ ಮೇಲೆ ಬಾಣಂತಿಯ ಲೆಕ್ಕವನ್ನು ಪ್ರತ್ಯೇಕವಾಗಿ ಸೇರಿಸಬೇಕು. ಸೆಪ್ಟೆಂಬರ್‌ನಿಂದ ಮೂರು ತಿಂಗಳು, ದಿನಕ್ಕೆ 50 ಲೀಟರ್ ನೀರನ್ನು 22ರಿಂದ 45 ಡಿಗ್ರಿಗೆ ಏರಿಸಲು 1,150 ಕಿಲೋಕ್ಯಾಲರಿ, ಅಂದರೆ ದಿನಕ್ಕೆ 3.3 ಕಿಲೋ ಸೌದೆ ಬೇಕು. 90 ದಿನಕ್ಕೆ ಸುಮಾರು 300 ಕಿಲೋ. ಹೀಗೆ ಮನೆಯ ಅಂತಿಮ ಅಗತ್ಯ 3,500 ಕಿಲೋ, ಅಂದರೆ ಮೂರೂವರೆ ಟನ್.

ಒಂದು ತಲೆಹೊರೆ 25 ಕಿಲೋ ಎಂದಿಟ್ಟುಕೊಂಡರೆ ಇದು 140 ಹೊರೆ. ಸೌದೆ ಸಿಗುವ ಜಾಗಕ್ಕೆ ಹೋಗಿ ಬರಲು 4 ಕಿಲೋಮೀಟರ್ ಆಗುವುದಾದರೆ 560 ಕಿಲೋಮೀಟರ್ ನಡಿಗೆ. ಅದರಲ್ಲಿ ಅರ್ಧ ದೂರ ಹೊರೆ ಹೊತ್ತು. ಈ ನಡಿಗೆಯ ಬಹುಪಾಲು ಯಾರ ಪಾಲಿಗೆ ಬರುತ್ತದೆಂಬುದನ್ನು ಸದಸ್ಯರಿಗೆ ಹೇಳಬೇಕಾಗಿಲ್ಲ.

ಅಡಿಕೆ ಬೇಯಿಸುವ ಮನೆಗಳಲ್ಲಿ ಅದಕ್ಕೆ ಬೇಕಾಗುವ ಸೌದೆಯನ್ನು ಮನೆಬಳಕೆಯ ಲೆಕ್ಕದಲ್ಲಿ ಸೇರಿಸಬಾರದು. ಅದು ಬೆಳೆಯ ಖರ್ಚು. ಅದರ ಲೆಕ್ಕ ಬೇರೆಯೇ ಇರಬೇಕು. ಎರಡೂ ಒಂದೇ ರಾಶಿಯಲ್ಲಿದ್ದರೆ ಅಡಿಕೆಯ ಹಂಡೆ ಮೊದಲು ಉರಿಯುತ್ತದೆ, ಬಚ್ಚಲಿನ ಹಂಡೆ ಕೊನೆಗೆ ಕಾಯುತ್ತದೆ.

6. ರಾಶಿಯನ್ನು ಅಳೆದು ತೂಕ ತಿಳಿಯುವುದು

ಮೂರೂವರೆ ಟನ್ ಸೌದೆಯನ್ನು ಪ್ರತಿಯೊಂದು ಮನೆಯಲ್ಲೂ ತೂಗಲಾಗದು. ರಾಶಿಯ ಉದ್ದ, ಅಗಲ, ಎತ್ತರಗಳನ್ನು ಮೀಟರ್‌ನಲ್ಲಿ ಅಳೆದು ಗುಣಿಸಿದರೆ ಘನ ಮೀಟರ್ ದೊರೆಯುತ್ತದೆ. ಸೀಳಿ ಒತ್ತಾಗಿ ಜೋಡಿಸಿದ ಗಟ್ಟಿ ಮರದ ಒಣ ಸೌದೆ ಘನ ಮೀಟರಿಗೆ ಸುಮಾರು 400 ಕಿಲೋ ಬರುತ್ತದೆ. ಉಳಿದದ್ದು ತುಂಡುಗಳ ನಡುವಿನ ಗಾಳಿ. ಡೊಂಕು ಕೊಂಬೆಗಳನ್ನು ಸೀಳದೆ ಪೇರಿಸಿದರೆ ಟೊಳ್ಳು ಹೆಚ್ಚುತ್ತದೆ. ಆಗ 300 ಕಿಲೋಗಿಂತ ಹೆಚ್ಚು ಹಿಡಿಯುವಂತಿಲ್ಲ. ಹಗುರ ಜಾತಿಯ ಮರಗಳಲ್ಲಿ ಇನ್ನೂ ಕಡಿಮೆ. ಅನುಮಾನವಿದ್ದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಚಿಕ್ಕ ರಾಶಿ ಮಾಡಿ, ಅದನ್ನು ಮಾತ್ರ ತೂಗಿ ಊರಿನ ಸ್ವಂತ ಅಂಕಿಯನ್ನು ಪಡೆಯಬಹುದು.

ಅಜ್ಜಿಯ ಮನೆಯ ಸೌದೆ ಕೊಟ್ಟಿಗೆಯ ಅಳತೆ 3 ಮೀಟರ್ ಉದ್ದ, 1 ಮೀಟರ್ ಅಗಲ, 1.5 ಮೀಟರ್ ಎತ್ತರ ಎಂದಿರಲಿ, ಅಂದರೆ 4.5 ಘನ ಮೀಟರ್. ಹಿಂದಿನ ವರ್ಷ ಅದರಲ್ಲಿ ಡೊಂಕು ಕೊಂಬೆಗಳನ್ನು ತುಂಬಲಾಗಿತ್ತು. 4.5ನ್ನು 300ರಿಂದ ಗುಣಿಸಿದರೆ 1,350 ಕಿಲೋ. ದಿನಕ್ಕೆ 10 ಕಿಲೋದಂತೆ ಅದು ಬರುವುದು 135 ದಿನ. ಜೂನ್ 1ರಿಂದ 135 ದಿನಗಳನ್ನು ಎಣಿಸಿದರೆ ಅಕ್ಟೋಬರ್ 13 ಆಗುತ್ತದೆ. ಅದು ನವರಾತ್ರಿಯ ಆಸುಪಾಸು. ಅಜ್ಜಿಯ ನೆನಪು ಸರಿಯಾಗಿಯೇ ಇತ್ತು. ಕೊಟ್ಟಿಗೆ ತುಂಬಿದ್ದು ನಿಜ, ಆದರೆ ಅದರಲ್ಲಿದ್ದದ್ದು ಮನೆಯ ಅಗತ್ಯದ ಅರ್ಧಕ್ಕಿಂತಲೂ ಕಡಿಮೆ.

7. ಹಸಿ ಸೌದೆ ಮತ್ತು ಒಣ ಸೌದೆ

ಈವರೆಗಿನ ಎಲ್ಲ ಅಂಕಿಗಳೂ ಒಣ ಸೌದೆಗೆ ಸಂಬಂಧಿಸಿದವು. ಒಣ ಸೌದೆಯಲ್ಲೂ ನೂರು ಕಿಲೋಗೆ ಸುಮಾರು 20 ಕಿಲೋ ನೀರಿರುತ್ತದೆ. ಹಸಿ ಮರದಲ್ಲಿ 40 ಕಿಲೋ ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಶೇಕಡ 40ರಷ್ಟು ನೀರಿರುವ 1,000 ಕಿಲೋ ಸೌದೆಯಲ್ಲಿ ನಿಜವಾದ ಮರ 600 ಕಿಲೋ; ಅದು ಒಣಗಿ ಬರುವ ಹೊತ್ತಿಗೆ 750 ಕಿಲೋ ಆಗುತ್ತದೆ. ತೂಕದ ಮೇಲೆ ಹಸಿ ಸೌದೆ ಕೊಳ್ಳುವ ಮನೆ ಪ್ರತಿ ಟನ್ನಿಗೆ 250 ಕಿಲೋ ನೀರಿಗೆ ಹಣ ಕೊಡುತ್ತದೆ. ಹೊತ್ತು ತರುವವರಾದರೆ ಅಷ್ಟು ನೀರನ್ನು ತಲೆಯ ಮೇಲೆ ಹೊರುತ್ತಾರೆ. 3,500 ಕಿಲೋ ಒಣ ಸೌದೆಗೆ ಬದಲಾಗಿ ಹಸಿ ಸೌದೆ ಹೊತ್ತರೆ ಸುಮಾರು 4,670 ಕಿಲೋ ಆಗುತ್ತದೆ; 140 ಹೊರೆಗಳ ಬದಲು 187 ಹೊರೆ.

ಹಸಿ ಸೌದೆಯ ನಷ್ಟವೆಲ್ಲ ನೀರು ಆವಿಯಾಗಲು ಬೇಕಾಗುವ ಶಾಖದಲ್ಲಿದೆ ಎಂಬ ತಿಳಿವಳಿಕೆ ಇದೆ. ಲೆಕ್ಕ ಹಾಕಿದರೆ ಆ ನಷ್ಟ ಅಷ್ಟು ದೊಡ್ಡದಲ್ಲ. ಅದೇ ಮರದ ಒಟ್ಟು ಶಾಖದಲ್ಲಿ ನೂರಕ್ಕೆ ಐದರಷ್ಟು. ದೊಡ್ಡ ನಷ್ಟ ಹೊಗೆಯಲ್ಲಿದೆ. ನೀರಿನಿಂದಾಗಿ ಬೆಂಕಿ ಸಾಕಷ್ಟು ಕಾವೇರುವುದಿಲ್ಲ. ಮರದಿಂದ ಹೊರಬರುವ ಅನಿಲಗಳು ಜ್ವಾಲೆಯಾಗದೆ ಹೊಗೆಯಾಗಿ ಹೋಗುತ್ತವೆ. ಕಣ್ಣನ್ನು ಉರಿಸುವ ಹೊಗೆ ಎಂದರೆ ಉರಿಯದೆ ಉಳಿದ ಸೌದೆಯೇ. ಆರೋಗ್ಯದ ಹಾನಿಯೂ ಸೌದೆಯ ಹಾನಿಯೂ ಒಂದೇ ಕಾರಣದಿಂದ ಬರುತ್ತವೆ. ಒಂದನ್ನು ತಡೆದರೆ ಇನ್ನೊಂದೂ ತಡೆಯುತ್ತದೆ.

ಸೌದೆ ಒಣಗಿದೆಯೇ ಎಂದು ತಿಳಿಯಲು ಮೂರು ಪರೀಕ್ಷೆಗಳು ಸಾಕು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದಾಗ ಒಣಗಿದ್ದರೆ ಟಣ್ ಎಂಬ ಸದ್ದು, ಹಸಿಯಾಗಿದ್ದರೆ ಮಂದ ಸದ್ದು ಬರುತ್ತದೆ. ಒಣಗಿದ ತುಂಡಿನ ತುದಿಯಲ್ಲಿ ಬಿರುಕುಗಳಿರುತ್ತವೆ, ತೊಗಟೆ ಸುಲಭವಾಗಿ ಬಿಡುತ್ತದೆ. ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಎಂದರೆ, ಒಂದು ತುಂಡಿಗೆ ಬಣ್ಣದ ಗುರುತು ಹಾಕಿ ವಾರಕ್ಕೊಮ್ಮೆ ತೂಗುವುದು. ತೂಕ ಇಳಿಯುವುದು ನಿಂತರೆ ರಾಶಿ ಒಣಗಿದೆ ಎಂದರ್ಥ.

ಒಣಗಿಸುವ ಕ್ರಮವೂ ಸರಳವೇ. ಮಣಿಕಟ್ಟಿಗಿಂತ ದಪ್ಪವಿರುವ ಪ್ರತಿಯೊಂದು ತುಂಡನ್ನೂ ಸೀಳಬೇಕು. ಕೆಳಗೆ ಕಲ್ಲು ಅಥವಾ ಅಡ್ಡ ಮರ ಹಾಕಿ ನೆಲದಿಂದ ಒಂದು ಅಡಿ ಎತ್ತರದಲ್ಲಿ ಪೇರಿಸಬೇಕು. ಮೇಲೆ ಸೂರು ಭದ್ರವಾಗಿರಬೇಕು, ಬದಿಗಳಲ್ಲಿ ಗಾಳಿ ಆಡಬೇಕು. ಪ್ಲಾಸ್ಟಿಕ್ ಹಾಳೆಯನ್ನು ರಾಶಿಯ ಸುತ್ತಲೂ ಬಿಗಿದರೆ ಒಳಗಿನ ತೇವ ಹೊರಬರದೆ ಸೌದೆ ಬೂಷ್ಟು ಹಿಡಿಯುತ್ತದೆ. ಹಾಳೆ ಮೇಲ್ಭಾಗಕ್ಕೆ ಮಾತ್ರ ಇರಲಿ.

8. ಅಗತ್ಯವನ್ನು ತಗ್ಗಿಸುವ ಮಾರ್ಗ

ಮನೆಯ ಲೆಕ್ಕವನ್ನು ಬಾಬ್ತುವಾರು ನೋಡಿದರೆ 2,910 ಕಿಲೋದಲ್ಲಿ ಅಡುಗೆಗೆ 1,092, ಜಾನುವಾರಿಗೆ 273, ಸ್ನಾನಕ್ಕೆ 1,545 ಕಿಲೋ. ಅರ್ಧಕ್ಕಿಂತ ಹೆಚ್ಚು ಸೌದೆ ಬಚ್ಚಲಿನಲ್ಲಿ ಉರಿಯುತ್ತದೆ. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಕೇಳಿದ್ದು ಅಡುಗೆಗೆ ಬಳಸುವ ಇಂಧನದ ಬಗ್ಗೆ. ಅಂತಹ ಪ್ರಶ್ನೆಗೆ ‘ಅನಿಲ’ ಎಂದು ಉತ್ತರಿಸುವ ಮನೆಯಲ್ಲೂ ಬಚ್ಚಲ ಒಲೆ ಉರಿಯುತ್ತಿರುತ್ತದೆ. ಅದು ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಗ್ರಾಮದ ಸಮೀಕ್ಷೆಯಲ್ಲಿ “ಅಡುಗೆಗೆ ಏನು ಉರಿಸುತ್ತೀರಿ?” ಎಂಬುದರ ಜೊತೆಗೆ “ಸ್ನಾನದ ನೀರಿಗೆ ಏನು ಉರಿಸುತ್ತೀರಿ?” ಎಂದೂ ತಪ್ಪದೆ ಕೇಳಬೇಕು.

ಒಲೆಯ ಸುಧಾರಣೆ: 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಿಗೆ ಪರಿಚಿತ. ಬೆಂಕಿಯ ಕೆಳಗೆ ಗಾಳಿಯಾಡುವ ಜಾಲರಿ, ಪಾತ್ರೆಯ ಸುತ್ತ ಬಿಸಿಗಾಳಿ ಹಾಯುವ ಕಿರಿದಾದ ದಾರಿ, ಹೊಗೆಯನ್ನು ಹೊರಗೊಯ್ಯುವ ಕೊಳವೆ, ಮುಚ್ಚಬಹುದಾದ ಸೌದೆಯ ಬಾಯಿ ಇವು ಉತ್ತಮ ಒಲೆಯ ಲಕ್ಷಣಗಳು. ಬಚ್ಚಲ ಒಲೆಗೂ ಇದೇ ತತ್ತ್ವ ಅನ್ವಯಿಸುತ್ತದೆ. ನೂರಕ್ಕೆ ಹತ್ತರಷ್ಟು ಶಾಖ ತಲುಪುವ ಕಡೆ ಇಪ್ಪತ್ತು ತಲುಪಿದರೆ ಸ್ನಾನದ ಸೌದೆ ಅರ್ಧಕ್ಕೆ ಇಳಿಯುತ್ತದೆ. ಮಾದರಿ ಮನೆಯಲ್ಲಿ ಬಾಣಂತಿಯ ಲೆಕ್ಕವೂ ಸೇರಿ 3,500 ಕಿಲೋ ಬೇಕಿದ್ದಲ್ಲಿ 2,500 ಕಿಲೋ ಸಾಕಾಗುತ್ತದೆ. 140 ಹೊರೆಗಳು 100 ಆಗುತ್ತವೆ.

ಕೊಟ್ಟಿಗೆ: ಅಜ್ಜಿಯ ಕೊಟ್ಟಿಗೆಯ ಸೂರನ್ನು ಅರ್ಧ ಮೀಟರ್ ಏರಿಸಿದರೆ 6 ಘನ ಮೀಟರ್ ಜಾಗ ಸಿಗುತ್ತದೆ. ಸೀಳಿ ಒತ್ತಾಗಿ ಜೋಡಿಸಿದ ಸೌದೆ ಅದರಲ್ಲಿ 2,400 ಕಿಲೋ ಹಿಡಿಯುತ್ತದೆ. ಸುಧಾರಿತ ಬಚ್ಚಲ ಒಲೆಯೊಂದಿಗೆ ಅದೇ ಕೊಟ್ಟಿಗೆ ಫೆಬ್ರವರಿಯವರೆಗೆ ಬರುತ್ತದೆ. ಉಳಿದ 100 ಕಿಲೋವನ್ನು ಜಗುಲಿಯ ಮೂಲೆಯಲ್ಲಿ ಇಡಬಹುದು.

ಅನಿಲ: 14.2 ಕಿಲೋದ ಒಂದು ಸಿಲಿಂಡರಿನಿಂದ ಪಾತ್ರೆಗೆ ತಲುಪುವ ಶಾಖ, ಹಳೆಯ ಒಲೆಯಲ್ಲಿ ಉರಿಸಿದ ಸುಮಾರು 265 ಕಿಲೋ ಒಣ ಸೌದೆಗೆ ಸಮ. ಈ ಲೆಕ್ಕದಂತೆ ಒಂಬತ್ತು ತಿಂಗಳ ಅಡುಗೆಯ ಸೌದೆಗೆ ಬದಲಾಗಿ ನಾಲ್ಕು ಸಿಲಿಂಡರ್ ಬೇಕು. ಅಷ್ಟು ಹಣ ಹೊಂದಿಸಲು ಸಾಧ್ಯವೇ, ಸೌದೆಗೆ ಕೊಡುವ ದಿನಗೂಲಿಯ ಬೆಲೆ ಎಷ್ಟು ಎಂಬುದನ್ನು ಪ್ರತಿ ಮನೆ ತಾನೇ ತೂಗಿ ನೋಡಬಹುದು.

ಸೌರ ನೀರು ಕಾಯಿಸುವ ಸಾಧನ: ಮುಂಗಾರಿನ ಮೋಡದ ದಿನಗಳಲ್ಲಿ ಇದನ್ನು ನೆಚ್ಚಲಾಗದು. ಆದರೆ ನವೆಂಬರ್‌ನಿಂದ ಫೆಬ್ರವರಿಯವರೆಗೆ ಹಗಲಿನ ಬಿಸಿಲು ಚೆನ್ನಾಗಿರುತ್ತದೆ. ಆ ಅವಧಿಯ ಸ್ನಾನದ ಸೌದೆ, ಮಾದರಿ ಮನೆಯಲ್ಲಿ 780 ಕಿಲೋ, ಬಹುಮಟ್ಟಿಗೆ ಉಳಿಯುತ್ತದೆ. ಮಳೆಗಾಲಕ್ಕೆ ಒಲೆ, ಚಳಿಗಾಲಕ್ಕೆ ಬಿಸಿಲು ಎಂಬ ಹೊಂದಾಣಿಕೆ ಮಲೆನಾಡಿಗೆ ಸೂಕ್ತ.

9. ಮನೆಯಿಂದ ಗ್ರಾಮಕ್ಕೆ

ಒಂದು ಗ್ರಾಮದಲ್ಲಿ 100 ಮನೆಗಳಿವೆ ಎಂದು ಭಾವಿಸೋಣ. 60 ಮನೆಗಳು ಅಡುಗೆಗೂ ಸ್ನಾನಕ್ಕೂ ಸೌದೆ ಬಳಸುತ್ತವೆ, ಮನೆಗೆ 3.2 ಟನ್‌ನಂತೆ 192 ಟನ್. 40 ಮನೆಗಳು ಅಡುಗೆಗೆ ಅನಿಲ, ಸ್ನಾನಕ್ಕೆ ಸೌದೆ ಬಳಸುತ್ತವೆ; ಮನೆಗೆ 1.7 ಟನ್‌ನಂತೆ 68 ಟನ್. ಒಟ್ಟು 260 ಟನ್. ನೆಡುತೋಪೊಂದು ಹೆಕ್ಟೇರಿಗೆ ವರ್ಷಕ್ಕೆ 5 ಟನ್ ಒಣ ಸೌದೆ ಕೊಡುತ್ತದೆಂದು ಊಹಿಸಿದರೆ 52 ಹೆಕ್ಟೇರ್ ಭೂಮಿ ಬೇಕು. ಯಾವ ಗ್ರಾಮದಲ್ಲೂ ಅಷ್ಟು ಭೂಮಿ ಖಾಲಿ ಬಿದ್ದಿರುವುದಿಲ್ಲ.

ಎಲ್ಲ 100 ಮನೆಗಳ ಬಚ್ಚಲ ಒಲೆ ಸುಧಾರಿಸಿದರೆ ಸ್ನಾನದ 170 ಟನ್ 85 ಟನ್ ಆಗುತ್ತದೆ. ಗ್ರಾಮದ ಅಗತ್ಯ 175 ಟನ್ನಿಗೆ, ಭೂಮಿಯ ಅಗತ್ಯ 35 ಹೆಕ್ಟೇರಿಗೆ ಇಳಿಯುತ್ತದೆ. ಅಂದರೆ ನೂರು ಬಚ್ಚಲ ಒಲೆಗಳ ದುರಸ್ತಿ 17 ಹೆಕ್ಟೇರ್ ನೆಡುತೋಪಿಗೆ ಸಮ. ನೆಟ್ಟ ಸಸಿ ಸೌದೆಯಾಗಲು ವರ್ಷಗಳು ಬೇಕು. ಒಲೆ ಕಟ್ಟಿದ ಮೊದಲ ಮಳೆಗಾಲದಿಂದಲೇ ಉಳಿತಾಯ ಆರಂಭವಾಗುತ್ತದೆ. ಗಿಡ ನೆಡುವುದು ಅನಗತ್ಯ ಎಂದು ಇದರ ಅರ್ಥವಲ್ಲ. ಒಲೆಯಿಂದ ಆರಂಭಿಸಿ ಗಿಡದತ್ತ ಸಾಗುವುದು ಸರಿಯಾದ ಕ್ರಮ.

ಅರಣ್ಯ ಪ್ರದೇಶದಿಂದ ಸೌದೆ ತರುವುದು ಅರಣ್ಯ ಇಲಾಖೆಯ ನಿಯಮಗಳಿಗೆ ಒಳಪಟ್ಟಿದೆ. ಖಾಸಗಿ ಜಮೀನಿನ ಮರಗಳಿಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಅನ್ವಯಿಸುತ್ತದೆ. ಸಿಲ್ವರ್ ಓಕ್, ಗಾಳಿಮರದಂತಹ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಕಡಿಯುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವಂತೆ ಸದಸ್ಯರು ಜನರಿಗೆ ತಿಳಿಸಬೇಕು. ತೋಟದ ಸವರಿದ ಕೊಂಬೆ, ಬೇಲಿಯ ಗಿಡ, ಅಡಿಕೆ ಮತ್ತು ತೆಂಗಿನ ಒಣ ಭಾಗಗಳು ಮೊದಲ ಆಯ್ಕೆಯಾಗಿರಲಿ. ತೋಟವಿಲ್ಲದ ಕೂಲಿ ಕುಟುಂಬಗಳಿಗೆ ಈ ಮೊದಲ ಆಯ್ಕೆಯೇ ಇರುವುದಿಲ್ಲ. ಸುಧಾರಿತ ಒಲೆಯ ಫಲಾನುಭವಿಗಳನ್ನು ಆರಿಸುವಾಗ ಅಂತಹ ಮನೆಗಳನ್ನು ಪಟ್ಟಿಯ ತುದಿಯಲ್ಲಿ ಇರಿಸುವುದು ನ್ಯಾಯ.

10. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

• ಮಾರ್ಚ್: ಪ್ರತಿ ವಾರ್ಡಿನಲ್ಲಿ ಹತ್ತು ಮನೆಗಳನ್ನು ಆರಿಸುವುದು. ತೋಟವಿರುವ, ಇಲ್ಲದ, ಅನಿಲ ಬಳಸುವ, ಬಳಸದ ಮನೆಗಳು ಅದರಲ್ಲಿರಬೇಕು. ಸ್ವಸಹಾಯ ಸಂಘದ ಸದಸ್ಯೆಯರ ನೆರವಿನಿಂದ ಮೂರು ದಿನ ತೂಗುವುದು.
• ಏಪ್ರಿಲ್: ಋತುವಾರು ಲೆಕ್ಕ ಮಾಡಿ, ಪ್ರತಿ ಮನೆಗೂ ಅದರ ಅಂಕಿಯನ್ನು ಚೀಟಿಯಲ್ಲಿ ಬರೆದು ಕೊಡುವುದು. ಗರ್ಭಿಣಿಯರಿರುವ ಮನೆಗಳ ಮಾಹಿತಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಪಡೆದು, ಆ ಮನೆಗಳ ಒಪ್ಪಿಗೆಯೊಂದಿಗೆ ಹೆಚ್ಚುವರಿ ಸೇರಿಸುವುದು.
• ಮೇ: ಕೊಟ್ಟಿಗೆಗಳನ್ನು ಅಳೆದು, ಕೊರತೆ ಇರುವ ಮನೆಗಳನ್ನು ಗುರುತಿಸುವುದು. ಒಂಟಿ ವೃದ್ಧರ ಮನೆಗಳಿಗೆ ಸೌದೆ ಸೀಳಿ ಜೋಡಿಸಿಕೊಡುವ ಕೆಲಸವನ್ನು ಊರಿನ ಯುವಕ ಸಂಘಗಳಿಗೆ ವಹಿಸಬಹುದು.
• ಆಗಸ್ಟ್ ಮತ್ತು ನವೆಂಬರ್: ಅದೇ ಮನೆಗಳಲ್ಲಿ ಮತ್ತೆ ಒಂದೊಂದು ದಿನ ತೂಗಿ ಅಂದಾಜನ್ನು ತಿದ್ದುವುದು.
• ಗ್ರಾಮ ಸಭೆ: ಗ್ರಾಮದ ಒಟ್ಟು ಅಂಕಿಯನ್ನು ಮಂಡಿಸಿ, ಬಚ್ಚಲ ಒಲೆ ಸುಧಾರಣೆ ಮತ್ತು ಸೌದೆ ಗಿಡಗಳ ಪ್ರಸ್ತಾವವನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು.

ಅಭ್ಯಾಸ

1. ನಾಲ್ಕು ಜನರ ಮನೆಯೊಂದರಲ್ಲಿ ಸ್ನಾನಕ್ಕೆ ತಲಾ 15 ಲೀಟರ್ ಬಿಸಿನೀರು ಬಳಸಲಾಗುತ್ತದೆ. ಚಳಿಗಾಲದಲ್ಲಿ ನೀರನ್ನು 18ರಿಂದ 40 ಡಿಗ್ರಿಗೆ ಏರಿಸಲು ಹಳೆಯ ಒಲೆಯಲ್ಲಿ ದಿನಕ್ಕೆ ಎಷ್ಟು ಸೌದೆ ಬೇಕು? (ಉತ್ತರ: 60 × 22 = 1,320; ಅದನ್ನು 350ರಿಂದ ಭಾಗಿಸಿದರೆ ಸುಮಾರು 3.8 ಕಿಲೋ.)

2. ಸೀಳಿ ಜೋಡಿಸಿದ ಒಣ ಸೌದೆಯ ರಾಶಿಯ ಉದ್ದ 4 ಮೀಟರ್, ಅಗಲ 1 ಮೀಟರ್, ಎತ್ತರ 1.5 ಮೀಟರ್. ದಿನಕ್ಕೆ 8 ಕಿಲೋ ಬಳಸುವ ಮನೆಗೆ ಅದು ಎಷ್ಟು ದಿನ ಬರುತ್ತದೆ? (ಉತ್ತರ: 6 × 400 = 2,400 ಕಿಲೋ; 300 ದಿನ.)

3. ಪ್ರತಿಯೊಬ್ಬ ಸದಸ್ಯರೂ ಮೊದಲು ತಮ್ಮ ಮನೆಯ ಬಚ್ಚಲ ಒಲೆಯ ಒಂದು ದಿನದ ಸೌದೆಯನ್ನು ತಾವೇ ತೂಗಿ, ಆ ಅಂಕಿಯನ್ನು ಮುಂದಿನ ಸಾಮಾನ್ಯ ಸಭೆಗೆ ತರಬೇಕು. ತೂಗುವ ಮೊದಲು ತಮ್ಮ ಊಹೆಯನ್ನೂ ಬರೆದಿಟ್ಟುಕೊಳ್ಳಬೇಕು. ಊಹೆಗೂ ತೂಕಕ್ಕೂ ನಡುವಿನ ಅಂತರ ಎಷ್ಟಿದೆ ಎಂಬುದರ ಮೇಲೆ ಸಭೆಯ ಚರ್ಚೆ ಆರಂಭವಾಗಲಿ.